ಅಮೆರಿಕದಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬುಕ್ ಮಾಡುವಾಗ ತೋರಿಸಿದ ಮಾಡೆಲ್ಲೇ ಸಿಗುತ್ತದೆಂದು ನಂಬಬೇಡಿ. ಖಾತ್ರಿ ಇರುವುದು ಕಾರಿನ ವರ್ಗಕ್ಕೆ ಮಾತ್ರ. ಕೌಂಟರಿನಲ್ಲಿ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಠೇವಣಿಗೆಂದು ಒಂದು ಮೊತ್ತ ತಡೆಹಿಡಿಯುತ್ತಾರೆ. 25 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ.

ಕೀ ಕೈಗೆ ಬಂದ ಕೂಡಲೇ ಹೊರಡಬೇಡಿ, ದಯವಿಟ್ಟು. ನಾಲ್ಕೂ ಬದಿ, ಚಕ್ರದ ರಿಮ್, ಗಾಜು, ಪೆಟ್ರೋಲ್ ಮುಳ್ಳು ಎಲ್ಲವನ್ನೂ ವಿಡಿಯೊ ಮಾಡಿ. ಡಿಕ್ಕಿಯ ತಳದ ಹಲಗೆ ಎತ್ತಿ ನೋಡಿ: ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಗಾಳಿ ತುಂಬುವ ಕಿಟ್ ಅಷ್ಟೇ. ಟೈರಿನ ಪಕ್ಕ ಹರಿದರೆ ಅದು ಉಪಯೋಗಕ್ಕೆ ಬಾರದು. ಕ್ಯಾಲಿಫೋರ್ನಿಯಾದ ಮರುಭೂಮಿ ಪ್ರದೇಶ ಡೆತ್ ವ್ಯಾಲಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ, ಹಾಗಾಗಿ ಜಲ್ಲಿ ರಸ್ತೆಗೆ ಇಳಿಸಲೇಬೇಡಿ; ಹೆಚ್ಚಿನ ಕರಾರುಗಳಲ್ಲಿ ಅದಕ್ಕೆ ನಿಷೇಧವೂ ಇರುತ್ತದೆ.

ಪಂಪಿನಲ್ಲಿ ಕಾರ್ಡ್ ಹಾಕಿದರೆ ಐದಂಕಿಯ ಜಿಪ್ ಕೋಡ್ ಕೇಳಬಹುದು. ನಮ್ಮ ಪಿನ್ ಕೋಡ್ ಆರಂಕಿ, ಹೊಂದುವುದಿಲ್ಲ. ಅಂಗಡಿಯೊಳಗೆ ಹೋಗಿ ಪಂಪ್ ನಂಬರ್ ಹೇಳಿ ಮುಂಗಡ ಕೊಡಿ. ಸಾಮಾನ್ಯ ಕಾರಿಗೆ 87 ಆಕ್ಟೇನ್ ಎಂದು ಬರೆದಿರುವ ಸಾದಾ ಪೆಟ್ರೋಲ್ ಸಾಕು. ಹಸಿರು ಹಿಡಿಯ ನಳಿಕೆ ಬಹಳ ಕಡೆ ಡೀಸೆಲ್‌ದು, ಬರಹ ಓದಿಯೇ ಹಾಕಿ.

ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ ನಗದು ಟೋಲ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಬಿಲ್ಲು ಬಾಡಿಗೆ ಕಂಪನಿಯ ಸೇವಾ ಶುಲ್ಕ ಸೇರಿಸಿಕೊಂಡು ಆಮೇಲೆ ಬರಬಹುದು. ಕಾರು ಮರಳಿಸುವ ಮುನ್ನ ಹತ್ತಿರದಲ್ಲೇ ಟ್ಯಾಂಕ್ ತುಂಬಿಸಿ, ರಶೀದಿ ಇಟ್ಟುಕೊಳ್ಳಿ.