ಈ ಮುಂಗಾರಿಗೆ ಬಿಪಿಟಿ ಬೀಜದ ಬದಲು ಆರ್‌ಪಿ ಬಯೋ-226: ಸದಸ್ಯ ರೈತರಿಗೆ ಪತ್ರ

ಮಾನ್ಯ ಸದಸ್ಯರೇ,

ಈ ಮುಂಗಾರಿನಿಂದ ನಮ್ಮ ಸಂಘದ ಮಳಿಗೆಯಲ್ಲಿ ಬಿಪಿಟಿ-5204 (ಸಾಂಬಾ ಮಸೂರಿ) ಭತ್ತದ ಬೀಜ ಸಿಗುವುದಿಲ್ಲ. ಅದರ ಜಾಗದಲ್ಲಿ ಸುಧಾರಿತ ಸಾಂಬಾ ಮಸೂರಿ, ಅಂದರೆ ಆರ್‌ಪಿ ಬಯೋ-226 ಕೊಡುತ್ತೇವೆ. ಅದೇ ಸಣ್ಣ ಕಾಳು, ಅದೇ ಅನ್ನ. ಹೊಸದಾಗಿ ಸೇರಿರುವುದು ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿ ರೋಗವನ್ನು ತಡೆಯುವ ಶಕ್ತಿ.

ಈ ರೋಗದಲ್ಲಿ ಎಲೆಯ ತುದಿಯಿಂದ ಅಂಚುಗುಂಟ ಅಲೆಅಲೆಯಾಗಿ ಹಳದಿ ಇಳಿದು, ಕೊನೆಗೆ ಗರಿಯೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗುವುದನ್ನು ನೀವು ನೋಡಿದ್ದೀರಿ. ಶಿಲೀಂಧ್ರದಿಂದ ಬರುವ ಬೆಂಕಿ ರೋಗದ ಔಷಧಿ ಇದಕ್ಕೆ ನಾಟುವುದಿಲ್ಲ. ಅನುಮಾನವಿದ್ದರೆ ರೋಗ ಹತ್ತಿದ ಅಂಚಿನ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಹತ್ತು ನಿಮಿಷದೊಳಗೆ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣುವೇ.

ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಮತ್ತು ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆ ಸೇರಿ ರೂಪಿಸಿದ ಈ ತಳಿ 2008ರಲ್ಲಿ ಬಿಡುಗಡೆಯಾಯಿತು. ಇದು ಕುಲಾಂತರಿಯಲ್ಲ. ಮಾಮೂಲು ಅಡ್ಡತಳಿ ಮಾಡಿ, ಪ್ರತಿ ಪೀಳಿಗೆಯಲ್ಲೂ ಡಿಎನ್‌ಎ ಗುರುತು ನೋಡಿ ಆರಿಸಿದ್ದು. ಇದರಲ್ಲಿ ಮೂರು ಜೀನ್‌ಗಳಿವೆ. ಆಫ್ರಿಕಾದ ಕಾಡುಭತ್ತದಿಂದ ಬಂದ ಎಕ್ಸ್‌ಎ21 ದುಂಡಾಣುವನ್ನು ಗುರುತಿಸಿ ಗಿಡವನ್ನು ಎಚ್ಚರಿಸುತ್ತದೆ. ಎಕ್ಸ್‌ಎ13ರ ಕೆಲಸ ಬೇರೆ: ದುಂಡಾಣು ಗಿಡದ ಸಕ್ಕರೆ ಸಾಗಣೆಯ ನಲ್ಲಿಯನ್ನು ತಾನೇ ತಿರುಗಿಸಿ ಹೊಟ್ಟೆ ಹೊರೆಯುತ್ತದೆ, ಈ ಗಿಡದಲ್ಲಿ ಆ ನಲ್ಲಿಯ ತಿರುಪು ಅದರ ಕೈಗೆ ಸಿಗುವುದಿಲ್ಲ. ಮೂರನೆಯದು ಎಕ್ಸ್‌ಎ5. ಒಂದೇ ಜೀನ್ ಇದ್ದರೆ ದುಂಡಾಣು ಬೇಗ ದಾರಿ ಹುಡುಕಿಕೊಳ್ಳುತ್ತದೆ, ಮೂರನ್ನೂ ಒಟ್ಟಿಗೆ ದಾಟುವುದು ಕಷ್ಟ.

ಎಕ್ಸ್‌ಎ5, ಎಕ್ಸ್‌ಎ13 ಎರಡೂ ಅಡಗುವ ಜೀನ್‌ಗಳು. ತಂದೆ ತಾಯಿ ಎರಡೂ ಕಡೆಯಿಂದ ಬಂದರಷ್ಟೇ ಕೆಲಸ ಮಾಡುತ್ತವೆ. ಹಾಗಾಗಿ ಉಳಿದ ಬಿಪಿಟಿ ಬೀಜವನ್ನು ದಯವಿಟ್ಟು ಇದರ ಜೊತೆ ಬೆರೆಸಬೇಡಿ. ಹಿಂದಿನ ಬೆಳೆಯ ಉದುರುಕಾಳು ಮೊಳೆತಿದ್ದರೆ ಕೆಸರು ಮಾಡುವಾಗಲೇ ಮುಗಿಸಿ. ಬೀಜಕ್ಕೆಂದು ಇಟ್ಟುಕೊಳ್ಳುವವರು ಪಕ್ಕದ ತಳಿಯಿಂದ ಕನಿಷ್ಠ 3 ಮೀಟರ್ ಬಿಟ್ಟು, ಗದ್ದೆಯ ನಡುಭಾಗದ್ದನ್ನೇ ಕೊಯ್ಯಿರಿ.

ಇದು ಬಿಪಿಟಿಗಿಂತ ಸುಮಾರು ಒಂದು ವಾರ ಮೊದಲೇ ಮಾಗುತ್ತದೆ. ಸುತ್ತಲಿನ ಗದ್ದೆಗಳು ಹಸಿರಿರುವಾಗ ನಿಮ್ಮದೊಂದೇ ಮಾಗಿದರೆ ಹಕ್ಕಿಗಳೆಲ್ಲ ಅಲ್ಲಿಗೇ. ಸಸಿಮಡಿಯನ್ನು ಅಷ್ಟು ದಿನ ತಡವಾಗಿ ಹಾಕಿ, ಆದರೆ ಸಸಿಯನ್ನು ಬಲಿಯಲು ಬಿಡಬೇಡಿ. ಕಾಲುವೆ ನೀರು ಬಿಡುವ ದಿನ ಖಚಿತವಾದ ಮೇಲೆಯೇ ಬೀಜ ಚೆಲ್ಲಿ. ನಾಟಿ ವೇಳೆ ಸಸಿಯ ತುದಿ ಕತ್ತರಿಸುವ ರೂಢಿ ಬಿಡಿ. ಆ ಗಾಯವೇ ದುಂಡಾಣುವಿಗೆ ಬಾಗಿಲು, ಎಕ್ಸ್‌ಎ21 ಎಳೆ ಸಸಿಯಲ್ಲಿ ಪೂರ್ತಿ ಬಲದಲ್ಲಿರುವುದಿಲ್ಲ.

ರೋಗ ಬರುವುದಿಲ್ಲವೆಂದು ಯೂರಿಯಾ ಏರಿಸಬೇಡಿ. 45 ಕಿಲೋದ ಒಂದು ಚೀಲವೆಂದರೆ ಸುಮಾರು 21 ಕಿಲೋ ಸಾರಜನಕ. ಮೂರು ಕಂತಿನಲ್ಲಿ ಕೊಡಿ, ಪೊಟ್ಯಾಷ್ ತಪ್ಪಿಸಬೇಡಿ. ಬೆಂಕಿ ರೋಗ, ಎಲೆಕವಚದ ಅಂಗಮಾರಿ, ಕಂದು ಜಿಗಿಹುಳು ಇವುಗಳ ಮೇಲೆ ಈ ಜೀನ್‌ಗಳ ಕೈ ನಡೆಯುವುದಿಲ್ಲ, ಅವುಗಳ ಕಾವಲು ಎಂದಿನಂತೆಯೇ ಇರಲಿ.

ಈ ತಳಿಯಲ್ಲೂ ಅಂಗಮಾರಿ ಕಂಡರೆ ಒಂದೋ ಬೀಜ ಬೆರಕೆ, ಇಲ್ಲವೇ ದುಂಡಾಣುವಿನ ಹೊಸ ಬಗೆ. ಎರಡರಲ್ಲಿ ಯಾವುದೆಂದು ತಿಳಿಯಲೇಬೇಕು. ನಾಲ್ಕೈದು ಎಲೆಗಳನ್ನು ಹಳೆಯ ಕಾಗದದ ನಡುವೆ ಮಡಚಿ, ಬೀಜದ ಚೀಲದ ಚೀಟಿಯ ಜೊತೆ ಮಳಿಗೆಗೆ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಎಲೆ ಬೆವರಿ ಕೊಳೆಯುತ್ತದೆ.

ಇಂತಿ,
ಬೀಜ ವಿಭಾಗ