ಮಂಗಳೂರಿಗೆ ಮನೆ ಮಾಡಲು ಬರುವ ಗೆಳೆಯನಿಗೆ

ಪ್ರೀತಿಯ ಬಸು,

ಮಂಗಳೂರಿಗೆ ವರ್ಗವಾಯಿತೆಂದು ಬರೆದಿದ್ದೀ, ಸಂತೋಷ. ಬಾಲ್ಕನಿಯಲ್ಲಿ ನಿಂತರೆ ಸಮುದ್ರ ಕಾಣಬೇಕು, ಬೇರೇನೂ ಬೇಡ ಅಂತಲೂ ಬರೆದಿದ್ದೀ. ಬೇರೆ ಏನು ಬೇಕಾದರೂ ಕೇಳು ಮಾರಾಯ, ಅದೊಂದನ್ನು ಬಿಡು.

ಈ ಊರಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಕಡಲು ಕಾಣುವ ಬಾಲ್ಕನಿ ಅಂದರೆ ಪಡುವಣ ಬಾಲ್ಕನಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ 2 ಗಂಟೆಯಿಂದ ಬಿಸಿಲು ನೇರ ಕೋಣೆಯೊಳಗೆ ಬೀಳುತ್ತದೆ, ಗೋಡೆ ಕುಡಿದ ಆ ಬಿಸಿ ಮಲಗುವ ಹೊತ್ತಿಗೂ ಇಳಿದಿರುವುದಿಲ್ಲ. ಜೂನ್ ಬಂತೆಂದರೆ ನೈರುತ್ಯದ ಗಾಳಿ ಅದೇ ಕಿಟಕಿಗೆ ಇರಚಲು ಹೊಡೆಯುತ್ತದೆ. ನಿಮ್ಮ ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ 3,500ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಮನೆ ನೋಡಲು ಹೋದಾಗ ಸ್ಲೈಡಿಂಗ್ ಕಿಟಕಿಯ ಕೆಳಗಿನ ಪಟ್ಟಿಗೆ ಒಂದು ಚೊಂಬು ನೀರು ಹೊಯ್ದು ನೋಡು. ಅರೆ ನಿಮಿಷದಲ್ಲಿ ಹೊರಗೆ ಇಳಿದುಹೋಗಬೇಕು. ನಿಂತಿತು ಅಂದರೆ ಪಟ್ಟಿಯ ತೂತು ಕಟ್ಟಿದೆ ಎಂದರ್ಥ, ಮಳೆಗಾಲದಲ್ಲಿ ಆ ನೀರು ನಿನ್ನ ಹಾಸಿಗೆಯ ಕಡೆಗೇ ಬರುತ್ತದೆ. ಮಾಲೀಕರು ಹುಬ್ಬೇರಿಸಿದರೆ ಏರಿಸಲಿ.

ಆದ್ದರಿಂದ ಗುಡ್ಡದ ಮೇಲೆ ಮನೆ ಹಿಡಿ. ಕದ್ರಿ, ಬಿಜೈ, ಬೆಂದೂರ್‌ವೆಲ್, ಲೇಡಿಹಿಲ್ ಕಡೆ. ಬಾಗಿಲು ಕಿಟಕಿಗಳು ಪೂರ್ವಕ್ಕೋ ಉತ್ತರಕ್ಕೋ ಇದ್ದರೆ ಇನ್ನೂ ಒಳ್ಳೆಯದು. ಕೊಟ್ಟಾರಚೌಕಿಯಂಥ ತಗ್ಗಿನಲ್ಲಿ ನೆಲಮಹಡಿ ಬೇಡ. ಜೋರು ಮಳೆಯ ಹೊತ್ತಿಗೇ ಸಮುದ್ರದಲ್ಲಿ ಭರತವೂ ಇದ್ದರೆ ರಾಜಕಾಲುವೆಯ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ, ಹಿಂದಕ್ಕೆ ತಳ್ಳಿಕೊಂಡು ರಸ್ತೆಗೆ ಬರುತ್ತದೆ. ಬಂದರು, ಮೀನುದೋಣಿ ನಿಲ್ಲುವ ದಕ್ಕೆಯ ಹತ್ತಿರ ಬಾಡಿಗೆ ಕಡಿಮೆ ಅಂತ ಯಾರಾದರೂ ಜೂನ್-ಜುಲೈನಲ್ಲಿ ಮನೆ ತೋರಿಸಿದರೆ ಮೋಸಹೋಗಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಅಲ್ಲಿ ವಾಸನೆಯೇ ಇರುವುದಿಲ್ಲ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ನೋಡು. ಮೀನು ತಿನ್ನುವವರಿಗೆ ಅದು ಸ್ವರ್ಗದ ಬಾಗಿಲು, ನಿನಗಲ್ಲ.

ನೀರಿನ ವಿಷಯ ಮೇ ತಿಂಗಳಲ್ಲಿ ಕೇಳಬೇಕು. ನಗರಕ್ಕೆ ಕುಡಿಯುವ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಮೇ ಕೊನೆಗೆ ದಿನ ಬಿಟ್ಟು ದಿನ ನೀರು ಬಿಡುವುದುಂಟು. ಮನೆಯಲ್ಲಿ ಬಾವಿ ಇದೆ ಎಂದರೆ ಅರ್ಧ ಸಮಾಧಾನ ಮಾತ್ರ. ಬೇಸಿಗೆಯಲ್ಲಿ ಹೊಳೆಯ ಸಿಹಿನೀರು ಇಳಿದಾಗ ಉಪ್ಪುನೀರು ಒಳಗೊಳಗೆ ಬರುತ್ತದೆ, ಹೊಳೆ ಸಮುದ್ರ ಸೇರುವ ಅಳಿವೆಯ ಸುತ್ತಲಿನ ಬಾವಿಗಳು ಉಪ್ಪಾಗುತ್ತವೆ. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಹಿಡಿದು ನೋಡು. 500ರ ಒಳಗಿದ್ದರೆ ಚಿಂತೆಯಿಲ್ಲ.

ಈಗ ಸಾಮಾನಿನ ಮಾತು. ನಿನ್ನ ದೊಡ್ಡ ಏರ್‌ಕೂಲರ್ ಅಲ್ಲೇ ಮಾರಿ ಬಾ. ಕೂಲರ್ ತಂಪು ಕೊಡುವುದು ನೀರು ಆರುವಾಗ. ನಿಮ್ಮ ಒಣಗಾಳಿಗೆ ಅದು ಸರಿ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಆರುವುದೆಲ್ಲಿಂದ? ಕೋಣೆ ಇನ್ನಷ್ಟು ತೇವವಾಗಿ ಬೆವರು ದುಪ್ಪಟ್ಟಾಗುತ್ತದೆ. ಇಲ್ಲಿ ಉಷ್ಣತೆ 36 ದಾಟುವುದು ಅಪರೂಪ, ನಿಮ್ಮ 42ರ ಮುಂದೆ ಏನೂ ಅಲ್ಲ. ಆದರೆ ಬೆವರು ಆರದಿರುವುದೇ ಇಲ್ಲಿನ ಸೆಕೆ. ಫ್ಯಾನ್ ಸಾಕಾಗದಿದ್ದರೆ ಎಸಿ ಹಾಕಿಸು, ಮಳೆಗಾಲದಲ್ಲಿ ಅದರ 'ಡ್ರೈ' ಮೋಡ್ ಮಾತ್ರ ಓಡಿಸು.

ಎಸಿಯ ಹೊರಗಿನ ಪೆಟ್ಟಿಗೆಯನ್ನು ಕಡಲಿಗೆ ಮುಖಮಾಡಿ ಕೂರಿಸಲು ಬಿಡಬೇಡ, ಗೋಡೆಯ ಮರೆ ಇರುವ ಪೂರ್ವದ ಬದಿಗೆ ಹಾಕಿಸು. ಅದರೊಳಗೆ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ತಗಡು ಅಂಟಿರುತ್ತದೆ. ಎರಡು ಲೋಹಗಳ ನಡುವೆ ಉಪ್ಪಿನ ತೇವ ಕೂತರೆ ಸವೆಯುವುದು ಅಲ್ಯೂಮಿನಿಯಂ. ಬೆರಳಿಗೆ ಬಿಳಿ ಹಿಟ್ಟು ಹತ್ತಿದರೆ ಸವೆತ ಶುರುವಾಗಿದೆ ಎಂದೇ ತಿಳಿ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆರಿಸಿ ಸಿಹಿನೀರಿನ ಪೈಪು ಹಿಡಿದು ಮೆಲ್ಲನೆ ತೊಳೆದರೆ ಸಾಕು. ಒತ್ತಡದ ಪಂಪು ಬೇಡ, ತಗಡು ಮಡಚಿಹೋಗುತ್ತದೆ.

ಕಿಟಕಿಯ ಕಬ್ಬಿಣದ ಸರಳಿಗೆ ಪೇಂಟ್ ಮಾಡಿಸುವಾಗಲೂ ಇದೇ ಕಥೆ. ಪೇಂಟರ್ ತುಕ್ಕು ಉಜ್ಜಿ ಹಾಗೇ ಬಣ್ಣ ಬಳಿದರೆ ಉಪ್ಪು ಬಣ್ಣದ ಅಡಿಯಲ್ಲೇ ಉಳಿದು ತೇವ ಎಳೆಯುತ್ತದೆ, ಒಂದು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ವೈರ್ ಬ್ರಶ್ ಆದ ಮೇಲೆ ಸಿಹಿನೀರಲ್ಲಿ ತೊಳೆ, ಪೂರ್ತಿ ಒಣಗಿಸು, ಅದೇ ದಿನ ಪ್ರೈಮರ್ ಎರಡು ಕೋಟು, ಆಮೇಲೆ ಎನಾಮೆಲ್ ಎರಡು ಕೋಟು. ಈ ಕೆಲಸ ಫೆಬ್ರವರಿಯೊಳಗೆ ಮುಗಿಯಲಿ. ಸ್ಟೀಲ್ ರೇಲಿಂಗ್‌ಗೆ ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. 304 ದರ್ಜೆಯದಾದರೆ ಕಡಲ ಗಾಳಿಗೆ ಚಹಾದ ಕಲೆಯಂತೆ ಕಂದು ಚುಕ್ಕೆ ಬಂದೇ ಬರುತ್ತದೆ, ತಾಳುವುದು 316.

ಪಾರ್ಟಿಕಲ್ ಬೋರ್ಡಿನ ಕಪಾಟು ತರಬೇಡ. ಕೆಳ ಅಂಚು ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬುತ್ತದೆ. ಮಾಡಿಸುವುದಾದರೆ ನೀರು ತಾಳುವ, ಐಎಸ್ 710 ಮುದ್ರೆಯಿರುವ ಪ್ಲೈವುಡ್ ಕೇಳು. ಯಾವ ಕಪಾಟೇ ಆಗಲಿ ಗೋಡೆಯಿಂದ ಎರಡು ಇಂಚು ದೂರವಿರಲಿ, ಇಲ್ಲದಿದ್ದರೆ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಬೂಟು, ಬೆಲ್ಟು ಜುಲೈನಲ್ಲಿ ಒಂದು ವಾರ ಮುಟ್ಟದೆ ಇಟ್ಟರೆ ಹಸಿರು ಮೀಸೆ ಬಿಡುತ್ತವೆ. ಬಟ್ಟೆ ಒಗೆದ ಮೇಲೆ ಮಷಿನ್‌ನಲ್ಲಿ ಎರಡು ಸಲ ಹಿಂಡಿಸಿ, ಫ್ಯಾನಿನ ಕೆಳಗೆ ಒಂದಕ್ಕೊಂದು ತಾಗದಂತೆ ಹರವು. ಜೀನ್ಸ್ ಮೂರು ದಿನ ತೆಗೆದುಕೊಂಡರೆ ಗಾಬರಿಯಾಗಬೇಡ.

ಇಷ್ಟೆಲ್ಲ ಹೇಳಿದ್ದು ಕಡಲು ಬೇಡ ಅಂತಲ್ಲ, ಕಡಲಿಗೆ ನೀನೇ ಹೋಗಬೇಕು ಅಂತ. ಅಕ್ಟೋಬರ್‌ನಿಂದ ಮೇ ಮೊದಲ ವಾರದವರೆಗೆ ಇದಕ್ಕಿಂತ ಸುಖದ ಊರು ನನಗೆ ಗೊತ್ತಿಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿಯ ಕಲ್ಲಿನ ಬುರುಜಿನ ಪಕ್ಕದಿಂದ ಗುರುಪುರ ಹೊಳೆ ದಾಟುವ ದೋಣಿ ಇದೆ. ಆಚೆ ದಡವೇ ತಣ್ಣೀರುಬಾವಿ. ಗಾಳಿಮರಗಳ ನೆರಳಲ್ಲಿ ನಡೆದರೆ ಸಮುದ್ರ. ಬೈಕಿನಲ್ಲಾದರೆ ಕೂಳೂರು ಸೇತುವೆ ದಾಟಿ ಸುತ್ತಿ ಬರಬೇಕು. ಡಿಸೆಂಬರ್‌ನಲ್ಲಿ ಸೂರ್ಯ 6 ಗಂಟೆ ದಾಟುತ್ತಲೇ ಮುಳುಗುತ್ತಾನೆ, ಐದಕ್ಕೇ ಅಲ್ಲಿರು. ಮಕ್ಕಳೊಂದಿಗಾದರೆ ಪಣಂಬೂರು ವಾಸಿ, ಜೀವರಕ್ಷಕರಿರುತ್ತಾರೆ, ತಿಂಡಿಯೂ ಸಿಗುತ್ತದೆ, ರಜಾದಿನ ಜನಜಾತ್ರೆಯೂ ಇರುತ್ತದೆ. ಉಳ್ಳಾಲದಾಚೆ ಸೋಮೇಶ್ವರದಲ್ಲಿ ಬಂಡೆಗಳ ಮೇಲೆ ಕೂತು ನೋಡು, ನೀರಿಗಿಳಿಯಬೇಡ. ಮರಳಿನಿಂದ ಬಂದ ದಿನವೇ ಬೈಕಿನ ಚೈನು ಸಿಹಿನೀರಲ್ಲಿ ತೊಳೆದು, ಒಣಗಿಸಿ ಎಣ್ಣೆ ಹಾಕು.

ಬಯಲುಸೀಮೆಯವರಿಗೆ ಈಜು ಬಂದರೂ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ಒಡೆಯುವ ಅಲೆಗಳ ಬಿಳಿನೊರೆಯ ನಡುವೆ ಒಂದು ಪಟ್ಟಿ ಮಾತ್ರ ನೊರೆಯಿಲ್ಲದೆ ಶಾಂತವಾಗಿ, ಕಪ್ಪಗೆ ಕಂಡರೆ ಅದು ಇಳಿಯಲು ಒಳ್ಳೆಯ ಜಾಗ ಅನ್ನಿಸುತ್ತದೆ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿಯೇ ಅದು. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜು, ಸೆಳೆತ ಬಿಟ್ಟ ಮೇಲೆ ಓರೆಯಾಗಿ ಒಳಗೆ ಬಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲನ್ನೂ ಇಳಿಸಬೇಡ.

ಸಾಮಾನಿನ ಲಾರಿಯನ್ನು ಮೇ ಮುಗಿಯುವ ಮೊದಲೇ ಕಳಿಸು. ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ನಿನ್ನ ಮಂಚ ಸಕಲೇಶಪುರದಲ್ಲೇ ಮಲಗೀತು. ಮತ್ತೆ ಅವ್ವ ಖಡಕ್ ರೊಟ್ಟಿ ಕಟ್ಟಿಕೊಡುತ್ತಾರೆ ಎಂದಿದ್ದೀಯಲ್ಲ, ಬಟ್ಟೆಯ ಗಂಟಿನಲ್ಲಿ ಬೇಡ. ಮಳೆಗಾಲದಲ್ಲಿ ಬಿಚ್ಚಿಟ್ಟ ರೊಟ್ಟಿ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಇಲ್ಲಿನವರು ಕೋರಿರೊಟ್ಟಿಯನ್ನು ಪ್ಯಾಕೆಟ್ಟಿನಲ್ಲಿ ಬಿಗಿದು ಮಾರುವುದು ಇದೇ ಕಾರಣಕ್ಕೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಎರಡು ತಾ, ಒಂದಕ್ಕೆ ಹತ್ತೇ ರೊಟ್ಟಿ. ಮೆತ್ತಗಾದುದನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಒತ್ತಿ ಕಾಯಿಸಿದರೆ ಮತ್ತೆ ಕಟುಂ ಅನ್ನುತ್ತದೆ.

ಇತಿ,
ನಿನ್ನ ಗೆಳೆಯ