ಮಗಳಿಗೊಂದು ಪತ್ರ: 412 ಬಿಡಿಭಾಗಗಳ ರಾಕೆಟ್ಟು

ಪ್ರೀತಿಯ ಪುಟ್ಟಿ,

ರಾಕೆಟ್ಟು ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ ಕರ್ಬಲ್‌ನಿಂದ ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ರಾಕೆಟ್ಟು ಚೆನ್ನಾಗಿಯೇ ಇದೆ, ಮದುವೆ ಮಂಟಪದ ಹಾಗೆ. 412 ಬಿಡಿಭಾಗ, ಸುತ್ತ ಆರು ಬೂಸ್ಟರು, ಅವನ್ನು ಬಿಗಿಯಲು ಲೆಕ್ಕವಿಲ್ಲದಷ್ಟು ಸ್ಟ್ರಟ್ಟು. ಅದರ ಕೆಳಗೆ ಒಂದೇ ಸಾಲು: "ಅಮ್ಮಾ, ಕರ್ಬಲ್ ತುಂಬಾ ಲ್ಯಾಗ್ ಆಗ್ತಿದೆ, ಗೇಮಿಂಗ್ ಲ್ಯಾಪ್‌ಟಾಪ್ ಬೇಕು." ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನಾನು ಹೇಳಲ್ಲ. ನೆಲ ಡೊಂಕಿರೋದೂ ಉಂಟು. ಯಾವ ಮೂಲೆ ಡೊಂಕು ಅಂತ ಮೊದಲು ನೋಡೋಣ.

ಪರದೆಯ ಎಡಗಡೆ, ಮೇಲ್ತುದಿಯಲ್ಲಿ ಓಡುವ ಗಡಿಯಾರದ ಬಣ್ಣ ಗಮನಿಸು. ಅಂಕಿ ಹಸಿರಾಗಿದ್ದರೆ ಆಟದ ಒಂದು ಸೆಕೆಂಡು ನಮ್ಮ ಒಂದು ಸೆಕೆಂಡಿಗೆ ಸಮ. ಹಳದಿಯಾದರೆ ಲೆಕ್ಕ ಹಿಂದೆ ಬಿದ್ದಿದೆ, ಆಟ ತನ್ನ ಕಾಲವನ್ನೇ ನಿಧಾನ ಮಾಡಿಕೊಂಡಿದೆ. ಕೆಂಪಾದರೆ ಪೂರಾ ಸೋತಿದೆ. ನಿನ್ನ ಚಿತ್ರದಲ್ಲಿ ಅದು ಕೆಂಪಗಿದೆ ಕಣೇ. ಅಂದರೆ ತೊಂದರೆ ಇರೋದು ಚಿತ್ರ ಬಿಡಿಸುವ ಕಡೆ ಅಲ್ಲ, ಭೌತಶಾಸ್ತ್ರದ ಲೆಕ್ಕ ಹಾಕುವ ಕಡೆ.

ನಂಬಿಕೆ ಬರದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆ. ಸಿಪಿಯು ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆಬೇರೆಯಾಗಿ ತೋರಿಸುವ ಆಯ್ಕೆ ಹಾಕು. ಎಂಟು ಥ್ರೆಡ್ಡಿನ, ಅಂದರೆ ಏಕಕಾಲಕ್ಕೆ ಎಂಟು ಸಾಲಿನಲ್ಲಿ ಲೆಕ್ಕ ಹಾಕುವ ಸಿಪಿಯುನಲ್ಲಿ ಒಂದು ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿದ್ದರೂ ಒಟ್ಟು ಬಳಕೆಯಲ್ಲಿ ಅದರ ಪಾಲು ಬರೀ 12.5%. "ಸಿಪಿಯು 20% ಮಾತ್ರ ಬಳಕೆ ಆಗ್ತಿದೆ, ಹಾಗಾದ್ರೆ ಗ್ರಾಫಿಕ್ಸ್ ಕಾರ್ಡೇ ಸಾಲ್ತಿಲ್ಲ" ಅಂತ ಎಷ್ಟೋ ಜನ ದುಡ್ಡು ಸುರಿಯೋದು ಈ ಒಂದು ಅಂಕಿಯನ್ನು ತಪ್ಪಾಗಿ ಓದಿ.

ಒಳಗೆ ನಡೆಯೋದು ಇಷ್ಟು. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಪ್ರತಿ ಬಿಡಿಭಾಗವನ್ನೂ ತೂಕವಿರುವ ಒಂದು ಗಟ್ಟಿ ವಸ್ತು ಅಂತ ಎಣಿಸುತ್ತೆ, ಎರಡು ಭಾಗಗಳ ನಡುವಿನ ಬೆಸುಗೆಯನ್ನು ಒಂದು ಸ್ಪ್ರಿಂಗು ಅಂತ. ಸೆಕೆಂಡಿಗೆ 50 ಸಲ ಇವೆಲ್ಲವುಗಳ ಎಳೆತ, ತಳ್ಳಾಟ, ಗಾಳಿಯ ತಡೆ ಲೆಕ್ಕ ಆಗಬೇಕು. ಎರಡು ನೌಕೆಗಳಿದ್ದರೆ ಲೆಕ್ಕವನ್ನು ಹಂಚಬಹುದು. ಒಂದೇ ನೌಕೆಯ ಭಾಗಗಳು ಒಂದಕ್ಕೊಂದು ತಗುಲಿಕೊಂಡಿರೋದರಿಂದ ಅದರ ಲೆಕ್ಕವೆಲ್ಲ ಒಂದೇ ಥ್ರೆಡ್ಡಿನ ತಲೆ ಮೇಲೆ. ಪಂಕ್ತಿಯಲ್ಲಿ ನಾನೂರು ಎಲೆ, ಅಡುಗೆಮನೆಯಲ್ಲಿ ಎಂಟು ಜನ, ಬಡಿಸೋನು ಒಬ್ಬನೇ. ದುಬಾರಿ ಗ್ರಾಫಿಕ್ಸ್ ಕಾರ್ಡ್ ತಂದರೆ ಎಲೆ ಇನ್ನಷ್ಟು ಹಸಿರಾಗಿ ಕಾಣುತ್ತೆ ಅಷ್ಟೆ.

ಆದ್ದರಿಂದ ಎಲೆ ಕಡಿಮೆ ಮಾಡು. ಎಫ್‌ಎಲ್-ಟಿ800 ಟ್ಯಾಂಕು ತುಂಬಿದಾಗ 4.5 ಟನ್. ನೀನು ಎಂಟೆಂಟು ಪೇರಿಸಿದ್ದೀಯ. ರಾಕೊಮ್ಯಾಕ್ಸ್ ಜಂಬೊ-64 ಒಂದೇ 36 ಟನ್. ಅದೇ ಇಂಧನ, ಅದೇ ಖಾಲಿ ತೂಕ, ಎಂಟರ ಜಾಗದಲ್ಲಿ ಒಂದು ಭಾಗ. ಆರು ರಿಲಯಂಟ್ ಇಂಜಿನ್ ಸೇರಿ 7.5 ಟನ್ ತೂಗಿ ನಿರ್ವಾತದಲ್ಲಿ 1,440 ಕಿಲೋನ್ಯೂಟನ್ ನೂಕುತ್ತವೆ. ಒಂದು ಮೇನ್‌ಸೇಲ್ 6 ಟನ್ ತೂಗಿ 1,500 ನೂಕುತ್ತೆ. ಸ್ಟ್ರಟ್ಟುಗಳನ್ನಂತೂ ಪೂರ್ತಿ ಕಿತ್ತುಹಾಕು. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಟ್ವೀಕಬಲ್ಸ್ ಆನ್ ಮಾಡಿದರೆ ಟ್ಯಾಂಕಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಆಟೊಸ್ಟ್ರಟ್ ಅಂತ ಬರುತ್ತೆ. ಬೂಸ್ಟರುಗಳಿಗೆ 'ಗ್ರ್ಯಾಂಡ್‌ಪೇರೆಂಟ್' ಆರಿಸು. ಬಿಗಿತ ಬರುತ್ತೆ, ಭಾಗಗಳ ಸಂಖ್ಯೆ ಏರಲ್ಲ. 'ಹೆವಿಯೆಸ್ಟ್' ಬೇಡ, ಯಾಕಂದರೆ ಇಂಧನ ಖಾಲಿಯಾಗುತ್ತಾ ಹೋದಂತೆ ಅತಿ ಭಾರದ ಭಾಗ ಯಾವುದು ಅನ್ನೋದೇ ಬದಲಾಗಿ, ಹಾರಾಟದ ನಡುವೆ ರಾಕೆಟ್ಟು ಸುಮ್ಮನೆ ನಡುಗಬಹುದು.

ಸೆಟ್ಟಿಂಗ್ಸ್‌ನಲ್ಲೇ 'ಮ್ಯಾಕ್ಸ್ ಫಿಸಿಕ್ಸ್ ಡೆಲ್ಟಾ-ಟೈಮ್' ಅಂತ ಇನ್ನೊಂದಿದೆ. ಕಡಿಮೆ ಮಾಡಿದರೆ ಚಿತ್ರ ನುಣುಪಾಗುತ್ತೆ, ಆಟದ ಕಾಲ ಇನ್ನೂ ನಿಧಾನ. ಹೆಚ್ಚು ಮಾಡಿದರೆ ತಿರುಗುಮುರುಗು. ಕಾಯಿಲೆ ವಾಸಿ ಮಾಡೋದಲ್ಲ ಅದು, ನೋವು ಎಲ್ಲಿರಬೇಕು ಅಂತ ಆರಿಸಿಕೊಳ್ಳೋದು. ಇನ್ನು ಕೆಲವು ಸೆಕೆಂಡಿಗೊಮ್ಮೆ ತಾಳ ಹಾಕಿದ ಹಾಗೆ ಗಕ್ಕನೆ ನಿಂತು ಹೊರಡುತ್ತಿದ್ದರೆ ಅದು ಬೇರೆಯೇ ರೋಗ: ಬೇಡದ ಮೆಮೊರಿಯನ್ನು ಆಟ ಗುಡಿಸಿ ಹಾಕುವ ಹೊತ್ತು. ಮಾಡ್ (ಆಟಗಾರರೇ ಮಾಡಿದ ಹೆಚ್ಚುವರಿ ಜೋಡಣೆ) ಹೆಚ್ಚಿದಷ್ಟೂ ಜೋರು. 8 ಜಿಬಿ ರ್‍ಯಾಮಿನಲ್ಲಿ ಮೂವತ್ತು ಮಾಡ್ ಹಾಕಿಕೊಂಡು ನ್ಯಾಯ ಕೇಳಬೇಡ.

ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡೋದನ್ನೂ ನಿಲ್ಲಿಸು. ಗಾಳಿ ಒಳಹೋಗುವ ತೂತು ಇರೋದು ಅಡಿಯಲ್ಲಿ, ಹಾಸಿಗೆ ಅದನ್ನು ಮುಚ್ಚುತ್ತೆ. ಬಿಸಿ ಮಿತಿ ಮುಟ್ಟಿದ ಕೂಡಲೇ ಸಿಪಿಯು ವೇಗ ಇಳಿಸಿಕೊಳ್ಳುತ್ತೆ, ಒಂದೇ ಥ್ರೆಡ್ ನಂಬಿಕೊಂಡ ಈ ಆಟಕ್ಕೆ ಮೊದಲ ಪೆಟ್ಟು. ಧೂಳು ತೆಗೆಯೋದಾದರೆ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿದ ತಕ್ಷಣ ಬ್ಯಾಟರಿಯ ಕನೆಕ್ಟರ್ ತೆಗೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಊದು. ಬಿಟ್ಟು ಊದಿದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಲ್ಯಾಗ್ ಬಿಡು, ಈ ರಾಕೆಟ್ಟು ಹಾರೋದರಲ್ಲೂ ಸೋತಿದೆ, ಕಾರಣವೂ ಅದೇ: ಹೇರಿದ್ದು ಅತಿಯಾಯಿತು. ನಿನ್ನ ಮೇಲಿನ ಹಂತ ತಗೋ: ಗಗನಯಾತ್ರಿ ಕೂರುವ ಪಾಡು, ಪ್ಯಾರಾಚೂಟು ಎಲ್ಲ ಸೇರಿ 1 ಟನ್ ಅಂದುಕೊ, 0.5 ಟನ್ನಿನ ಟೆರಿಯರ್ ಇಂಜಿನ್, 2.25 ಟನ್ನಿನ ಎಫ್‌ಎಲ್-ಟಿ400 ಟ್ಯಾಂಕು ಒಂದು. ತುಂಬಿದಾಗ 3.75 ಟನ್, ಇಂಧನ ಮುಗಿದಾಗ 1.75. ಈ ಎರಡರ ಭಾಗಲಬ್ಧದ ಸ್ವಾಭಾವಿಕ ಲಾಗರಿದಮ್ ತೆಗೆದು, ಇಂಜಿನ್ನಿನ ಐಎಸ್‌ಪಿ 345ರಿಂದಲೂ (ಇಂಧನವನ್ನು ಎಷ್ಟು ಚೆನ್ನಾಗಿ ದುಡಿಸುತ್ತೆ ಅನ್ನೋ ಅಳತೆ ಅದು) ಗುರುತ್ವದ 9.81ರಿಂದಲೂ ಗುಣಿಸು. ಸೆಕೆಂಡಿಗೆ ಸುಮಾರು 2,580 ಮೀಟರ್ ಡೆಲ್ಟಾ-ವಿ, ಅಂದರೆ ಈ ಇಂಧನದಿಂದ ಒಟ್ಟು ಬದಲಿಸಬಹುದಾದ ವೇಗ. ಇನ್ನೊಂದು ಟ್ಯಾಂಕು ಸೇರಿಸು: 3,720. ಮೂರನೆಯದು: 4,400. ಮೊದಲ ಟ್ಯಾಂಕು 2,580 ಕೊಟ್ಟಿತು, ಎರಡನೆಯದು 1,140, ಮೂರನೆಯದು ಬರೀ 680. ಗಾಡಿ ತುಂಬ ಎತ್ತಿನ ಮೇವನ್ನೇ ಹೇರಿಕೊಂಡು ಸಂತೆಗೆ ಹೊರಟ ಹಾಗೆ. ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ಇದು, ಯಾವ ಮಾಡ್ ಹಾಕಿದರೂ ಬದಲಾಗಲ್ಲ.

ಆಟದ ತವರುಗ್ರಹ ಕರ್ಬಿನ್ನಿನ ಕಕ್ಷೆ ಮುಟ್ಟಲು ಸುಮಾರು 3,400 ಸಾಕು. ಗ್ರಹದ ತ್ರಿಜ್ಯ 600 ಕಿ.ಮೀ. ಮಾತ್ರ, ಭೂಮಿಯ ಹತ್ತನೇ ಒಂದು ಭಾಗ. ಅದಕ್ಕೇ 80 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 2,280 ಮೀಟರ್ ವೇಗ ಇದ್ದರೆ ಸುತ್ತು ಹೊಡೆಯಬಹುದು. ನಮ್ಮ ಭೂಮಿಗೆ 7,800ರ ಹತ್ತಿರ ಬೇಕು. ಆಟದಲ್ಲಿ ರಾಕೆಟ್ಟು ಕಟ್ಟುವ ಜಾಗ ವಿಎಬಿಯಲ್ಲೇ ಪ್ರತಿ ಹಂತದ ಡೆಲ್ಟಾ-ವಿ, ಟಿಡಬ್ಲ್ಯುಆರ್ (ತೂಕಕ್ಕೆ ಹೋಲಿಸಿದರೆ ನೂಕುಬಲ ಎಷ್ಟು ಪಟ್ಟು) ಎರಡೂ ಕಾಣಿಸುತ್ತವೆ. ಮೊದಲ ಹಂತದ್ದನ್ನು ಸಮುದ್ರಮಟ್ಟಕ್ಕೆ ಇಟ್ಟು ನೋಡು, ಮೇಲಿನದ್ದನ್ನು ನಿರ್ವಾತಕ್ಕೆ. ಟೆರಿಯರಿನ ಐಎಸ್‌ಪಿ ನೆಲಮಟ್ಟದಲ್ಲಿ 85ಕ್ಕೆ ಕುಸಿಯುತ್ತೆ. ಅದನ್ನು ಮೊದಲ ಹಂತಕ್ಕೆ ಹಾಕಿದರೆ ಹೊಗೆ ಬರುತ್ತೆ, ರಾಕೆಟ್ಟು ಕದಲಲ್ಲ. ಹೊರಡುವಾಗ ಟಿಡಬ್ಲ್ಯುಆರ್ 1.3ರಿಂದ 1.6ರೊಳಗಿರಲಿ. ಸೆಕೆಂಡಿಗೆ 100 ಮೀಟರ್ ವೇಗ ಬಂದಾಗ ಪೂರ್ವಕ್ಕೆ ಐದಾರು ಡಿಗ್ರಿ ಬಾಗಿಸು, 10 ಕಿ.ಮೀ. ಹೊತ್ತಿಗೆ 45 ಡಿಗ್ರಿ ಬರಲಿ. ನೇರ ಮೇಲಕ್ಕೆ ಹೋಗಿ ಆಮೇಲೆ ಒಮ್ಮೆಲೇ ಬಗ್ಗಿಸೋದರಿಂದಲೇ ಅದು ಲಾಗ ಹಾಕೋದು. ತಳದಲ್ಲಿ ನಾಲ್ಕು ಫಿನ್ (ಪುಟ್ಟ ರೆಕ್ಕೆ) ಇರಲಿ. ಅಪೊಯಾಪ್ಸಿಸ್ (ದಾರಿಯ ಅತಿ ಎತ್ತರದ ತುದಿ) 80 ಕಿ.ಮೀ. ತೋರಿಸಿದಾಗ ಇಂಜಿನ್ ನಿಲ್ಲಿಸಿ, ಅಲ್ಲಿಗೆ ಮುಟ್ಟುವ ಸ್ವಲ್ಪ ಮುಂಚೆ ಪ್ರೋಗ್ರೇಡ್ ದಿಕ್ಕಿಗೆ, ಅಂದರೆ ನೌಕೆ ಹೋಗುತ್ತಿರುವ ಕಡೆಗೇ, ಮತ್ತೆ ಹಚ್ಚು.

ಚಿಕ್ಕ ಇಂಜಿನ್ನು, ಭಾರದ ನೌಕೆ ಇದ್ದು ಬರ್ನ್ (ಇಂಜಿನ್ ಉರಿಸೋದು) ಹತ್ತು ನಿಮಿಷ ಹಿಡಿಯುತ್ತೆ ಅಂತ ಗೋಳಾಡಿದ್ದೀಯಲ್ಲ, ಅದಕ್ಕೆ ಉತ್ತರ ನಮ್ಮ ಬೆಂಗಳೂರಲ್ಲೇ ಇದೆ. ಮಂಗಳಯಾನದ್ದು 440 ನ್ಯೂಟನ್ನಿನ ಇಂಜಿನ್, ನೌಕೆ ಹೊರಡುವಾಗ 1,337 ಕಿಲೋ. 2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ಅದನ್ನು ಭೂಮಿಯ ಸುತ್ತಲಿನ ಉದ್ದನೆಯ ಕಕ್ಷೆಗೆ ಬಿಟ್ಟಿತು, ಅಷ್ಟೇ. ಆಮೇಲೆ ನೌಕೆ ಭೂಮಿಗೆ ಅತಿ ಹತ್ತಿರ ಬಂದು ಅತಿ ವೇಗದಲ್ಲಿರುವಾಗ ಇಂಜಿನ್ ಹಚ್ಚಿ, ಸುತ್ತು ಸುತ್ತಿಗೆ ಕಕ್ಷೆಯ ದೂರದ ತುದಿಯನ್ನು ಎತ್ತುತ್ತಾ ಹೋದರು. ವೇಗ ಹೆಚ್ಚಿರುವಾಗ ಸುಟ್ಟ ಇಂಧನದಿಂದ ಹೆಚ್ಚು ಶಕ್ತಿ ದಕ್ಕುತ್ತೆ, ಓಬರ್ತ್ ಪರಿಣಾಮ ಅನ್ನೋದು ಇದಕ್ಕೇ. ಡಿಸೆಂಬರ್ 1ರಂದು ಕೊನೆಯದಾಗಿ ಸುಮಾರು 22 ನಿಮಿಷ ಉರಿಸಿ ಸೆಕೆಂಡಿಗೆ 648 ಮೀಟರ್ ಸೇರಿಸಿದಾಗ ಅದು ಮಂಗಳದ ದಾರಿ ಹಿಡಿಯಿತು. ನೀನೂ ಹಾಗೇ ಮಾಡು: ಹತ್ತು ನಿಮಿಷದ ಬರ್ನನ್ನು ಮೂರು ನಾಲ್ಕು ತುಂಡು ಮಾಡಿ, ಪ್ರತಿ ಸಲವೂ ಪೆರಿಯಾಪ್ಸಿಸ್ಸಿನ, ಅಂದರೆ ಗ್ರಹಕ್ಕೆ ಅತಿ ಹತ್ತಿರದ ಬಿಂದುವಿನ, ಆಸುಪಾಸಿನಲ್ಲೇ ಸುಡು. 2014ರ ಸೆಪ್ಟೆಂಬರ್ 24ರಂದು ಅದು ಮಂಗಳ ಮುಟ್ಟಿದಾಗ ಬೆಂಗಳೂರು ಹತ್ತಿರದ ಬ್ಯಾಲಾಳಿನ ಆಂಟೆನಾಗೆ ಸುದ್ದಿ ಬರಲು ಸುಮಾರು 12 ನಿಮಿಷ ಬೇಕಿತ್ತು. ಅಲ್ಲಿಂದ ಸ್ಟಿಯರಿಂಗ್ ಹಿಡಿಯೋಕೆ ಆಗಲ್ಲ, ಆಜ್ಞೆಗಳನ್ನೆಲ್ಲ ಮೊದಲೇ ತುಂಬಿಟ್ಟಿರಬೇಕು. ಹಿಂದೆ ಉಳಿಸಿಟ್ಟ ಆಟಕ್ಕೆ ವಾಪಸ್ ಕರೆದೊಯ್ಯುವ ನಿನ್ನ ಎಫ್9 ಕೀ ಅವರಿಗಿರಲಿಲ್ಲ.

ಇದನ್ನು ಆಡಿದ ಮೇಲೆ ಸಿನಿಮಾ ನೋಡೋದು ಸ್ವಲ್ಪ ಕಷ್ಟ, ಈಗಲೇ ಹೇಳಿರ್ತೀನಿ. 2013ರ 'ಗ್ರಾವಿಟಿ'ಯಲ್ಲಿ ಹಬಲ್ ದೂರದರ್ಶಕದಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಬೆನ್ನಿನ ಜೆಟ್‌ಪ್ಯಾಕಿನಲ್ಲೇ ಹೋಗಿಬಿಡ್ತಾರೆ. ಹಬಲ್ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6. ಆ 23 ಡಿಗ್ರಿ ತಿರುಗಿಸೋಕೇ ಸೆಕೆಂಡಿಗೆ 3,000 ಮೀಟರ್ ಡೆಲ್ಟಾ-ವಿ ಬೇಕು. 1984ರಲ್ಲಿ ಗಗನಯಾತ್ರಿಗಳು ನಿಜಕ್ಕೂ ಬಳಸಿದ ಜೆಟ್‌ಪ್ಯಾಕಿನಲ್ಲಿ ಇದ್ದದ್ದು 25ರ ಹತ್ತಿರ. ಹಾಗಂತ ಆ ಸಿನಿಮಾ ನನಗೆ ಇಷ್ಟ ಇಲ್ಲ ಅಂತಲ್ಲ. ಅಲ್ಲಿ ಸ್ಫೋಟಕ್ಕೆ ಸದ್ದಿಲ್ಲ, ಅದೊಂದಕ್ಕೇ ಉಳಿದದ್ದನ್ನೆಲ್ಲ ಮಾಫಿ ಮಾಡಬಹುದು.

ರಾಕೆಟ್ಟು ಏನೂ ಮಾಡದೆ ತಾನಾಗೇ ನಡುಗಿ ಚೂರಾಯಿತು ಅಂತ ಬರೆದಿದ್ದೀಯ. ಆಟಗಾರರು ಅದಕ್ಕೆ ಕ್ರ್ಯಾಕನ್ ಅಂತಾರೆ, ಸಮುದ್ರದ ಭೂತದ ಹೆಸರು. ಭೂತವಲ್ಲ ಕಣೇ, ದಶಮಾಂಶ. 32 ಬಿಟ್ಟಿನ ಫ್ಲೋಟ್ ಸಂಖ್ಯೆಯಲ್ಲಿ ನಿಖರ ಅಂಕಿಗಳಿಗೆ 24 ಬಿಟ್ ಮಾತ್ರ ಜಾಗ. ಮೂಲಬಿಂದುವಿನಿಂದ 100 ಕಿ.ಮೀ. ದೂರದಲ್ಲಿ ಎರಡು ಪಕ್ಕಪಕ್ಕದ ಸಂಖ್ಯೆಗಳ ನಡುವೆ 8 ಮಿ.ಮೀ.ನಷ್ಟು ಅಂತರ ಬೀಳುತ್ತೆ. ಸೂರ್ಯನಿಂದ ಕರ್ಬಿನ್ ಇರುವ 1,360 ಕೋಟಿ ಮೀಟರ್ ದೂರದಲ್ಲಿ ಆ ಅಂತರ 1,024 ಮೀಟರ್! ಬೋಲ್ಟು ಇಲ್ಲಿರಬೇಕೋ ಒಂದು ಕಿಲೋಮೀಟರ್ ಆಚೆಗೋ ಅಂತ ಕಂಪ್ಯೂಟರಿಗೇ ತಿಳಿಯಲ್ಲ. ಅದಕ್ಕೆ ಆಟ ಕಟ್ಟಿದವರು ಹಿಡಿದ ಉಪಾಯ ಸೊಗಸಾದದ್ದು: ನೌಕೆಯನ್ನು ಮೂಲಬಿಂದುವಿನ ಬಳಿಯೇ ಇಟ್ಟು ಬ್ರಹ್ಮಾಂಡವನ್ನೇ ಅದರ ಸುತ್ತ ಸರಿಸೋದು. ಆದರೂ ಅತಿ ಹಗುರ ಭಾಗಕ್ಕೆ ಅತಿ ಭಾರದ ಭಾಗ ನೇತುಹಾಕಿದರೆ, ಒಂದರೊಳಗೊಂದು ತುರುಕಿದರೆ ಸ್ಪ್ರಿಂಗಿನ ಲೆಕ್ಕ ಕೈಮೀರುತ್ತೆ. ಹಾಗೆ ಕಟ್ಟಬೇಡ.

ಇಂಥ ಪುಡಿ ತಪ್ಪಿಗೆ ಪ್ರಾಣ ಹೋದದ್ದೂ ಇದೆ. ಎದುರು ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಹತ್ತನೇ ಒಂದು ಅನ್ನೋದು ಎರಡರ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿ, 24 ಬಿಟ್ಟಿಗೆ ಕತ್ತರಿಸಿದ್ದರು. 100 ಗಂಟೆ ಎಡೆಬಿಡದೆ ಓಡಿದ ಮೇಲೆ ತಪ್ಪು 0.34 ಸೆಕೆಂಡಿಗೆ ಬೆಳೆದಿತ್ತು. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನಿನಲ್ಲಿ, ಎದುರು ಬಂದ ಇರಾಕಿನ ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಮುಂದೆ ಹೋಗಿತ್ತು. ಪೇಟ್ರಿಯಟ್ ಅದನ್ನು ತಡೆಯಲಿಲ್ಲ, 28 ಸೈನಿಕರು ಸತ್ತರು. ನಿಮ್ಮ ನ್ಯೂಮರಿಕಲ್ ಮೆಥಡ್ಸ್ ಪಾಠ ಬೋರು ಅಂತೀಯಲ್ಲ, ಅದೇ ಪಾಠ ಇದು.

ಕರ್ಬಲ್ ಆಟದ ಎರಡನೆಯ ಭಾಗ ಕೊಳ್ಳೋ ಯೋಚನೆ ಬೇಡ. 2023ರ ಫೆಬ್ರವರಿಯಲ್ಲಿ ಅರ್ಧಂಬರ್ಧವಾಗಿ ಬಂತು, ಮರುವರ್ಷವೇ ಕೆಲಸ ನಿಂತಿತು. ಹಳೆಯ ಆಟದ 1.12.5 ಆವೃತ್ತಿಯಲ್ಲೇ ಇರು, 'ಸೇವ್ಸ್' ಫೋಲ್ಡರನ್ನು ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಕೊ.

ಈ ಭಾನುವಾರ ರಾಕೆಟ್ಟನ್ನು 120 ಭಾಗದೊಳಗೆ ಮತ್ತೆ ಕಟ್ಟು. ಆಮೇಲೂ ಗಡಿಯಾರ ಹಸಿರಾಗದಿದ್ದರೆ ಲ್ಯಾಪ್‌ಟಾಪಿನ ಮಾತಾಡೋಣ. ಆಗಲೂ ನಾವು ನೋಡೋದು ಒಂದು ಕೋರಿನ ವೇಗ, 16 ಜಿಬಿ ರ್‍ಯಾಮು, ಬಿಸಿ ಹೊರಹಾಕುವ ವ್ಯವಸ್ಥೆ. ಕೆಂಪು ದೀಪದ ಕೀಬೋರ್ಡ್ ಅಲ್ಲ. ಸ್ಕ್ರೀನ್‌ಶಾಟ್ ಬೇಡ, ಈ ಸಲ ರಾಕೆಟ್ಟಿನ ವಿನ್ಯಾಸವಿರುವ ಕ್ರಾಫ್ಟ್ ಫೈಲನ್ನೇ ಕಳಿಸು. ಸೇವ್ಸ್ ಒಳಗೆ ನಿನ್ನ ಆಟದ ಫೋಲ್ಡರು, ಅದರೊಳಗೆ ಶಿಪ್ಸ್, ಅದರೊಳಗೆ ವಿಎಬಿ. ಬರೀ ಟೆಕ್ಸ್ಟ್ ಫೈಲದು, ವಾಟ್ಸಾಪಿನಲ್ಲೇ ಬರುತ್ತೆ.

ಇಂತಿ ನಿನ್ನ
ಅಮ್ಮ